ಪೈಪಿಗೆ ಪೈಪೋಟಿಯಿಲ್ಲ, ಕಟ್ಟಳೆಯೂ ಬೇಡವೇ?

(ಯಾದಗಿರಿಯಲ್ಲಿ ಸೇರಿದ್ದ ಯುವಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ. ಹೊಟ್ಟೆಪಾಡಿಗೆ ಬೆಂಗಳೂರು, ಪುಣೆ, ಹೈದರಾಬಾದು ಸೇರಿರುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರಿಗೂ ಇದು ತಲುಪಲಿ.)



ನಮ್ಮ ಜಿಲ್ಲೆಗೆ ಕೃಷ್ಣೆಯೂ ಇದ್ದಾಳೆ, ಭೀಮೆಯೂ ಇದ್ದಾಳೆ. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಿಂದ ಹಳೆಯ ಸುರಪುರ ತಾಲ್ಲೂಕಿನ ನೆಲದಲ್ಲೇ ನಿಂತಿದೆ. ಅದರ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಹೊಲಗಳನ್ನು ಹಾಯ್ದು ಹೋಗುತ್ತದೆ. ಯಾದಗಿರಿ ಊರಂತೂ ಭೀಮೆಯ ದಂಡೆಯಲ್ಲೇ ಇದೆ. ಇಷ್ಟೆಲ್ಲ ಇದ್ದೂ ಬೇಸಿಗೆ ಬಂತೆಂದರೆ ಓಣಿ ಓಣಿಯಲ್ಲಿ ಕೊಡಗಳ ಸಾಲು! ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂದು ಹಿರಿಯರು ಹೇಳಿದ್ದು ನಮ್ಮನ್ನು ನೋಡಿಯೇ ಇರಬೇಕು.

ಒಂದು ಮಾತು ಯೋಚಿಸಿ. ಕೃಷ್ಣೆಯ ನೀರನ್ನು ರಾಜ್ಯ ರಾಜ್ಯಗಳ ನಡುವೆ ಹಂಚಲು ನ್ಯಾಯಮಂಡಳಿ ಕೂತಿತು. ಬಚಾವತ್ ಆಯೋಗ ಎಂದು ನಾವೆಲ್ಲ ಕರೆಯುವ ಆ ಮಂಡಳಿ 1973ರಲ್ಲಿ ತೀರ್ಪು ಕೊಟ್ಟಿತು. ಕರ್ನಾಟಕಕ್ಕೆ 734 ಟಿಎಂಸಿ ಎಂಬುದನ್ನು ಶಾಲೆಯ ಹುಡುಗನೂ ಹೇಳುತ್ತಾನೆ. ಆದರೆ ಅದೇ ನೀರು ನಮ್ಮ ಮನೆಯ ನಳಕ್ಕೆ ಬರುವಾಗ ಎಷ್ಟು ಬರಬೇಕು, ಎಷ್ಟು ದಿನಕ್ಕೊಮ್ಮೆ ಬರಬೇಕು, ಎಷ್ಟು ಶುದ್ಧವಿರಬೇಕು, ಬಾರದಿದ್ದರೆ ಯಾರು ದಂಡ ತೆರಬೇಕು? ಇದಕ್ಕೆ ಯಾವ ನ್ಯಾಯಮಂಡಳಿ? ಯಾವ ತೀರ್ಪು? ಅಣೆಕಟ್ಟಿನಿಂದ ಕಾಲುವೆಯವರೆಗೆ ಲೆಕ್ಕ ಇದೆ. ಕಾಲುವೆಯಿಂದ ಕೊಡದವರೆಗೆ ಲೆಕ್ಕವೇ ಇಲ್ಲ! ಇವತ್ತಿನ ನನ್ನ ಮಾತು ಈ ಲೆಕ್ಕದ ಬಗ್ಗೆ.

ಪೈಪೋಟಿ ಯಾಕೆ ಸಾಧ್ಯವಿಲ್ಲ?

ನಿಮ್ಮ ಜೇಬಿನಲ್ಲಿರುವ ಮೊಬೈಲು ನೋಡಿ. ಒಂದು ಕಂಪನಿಯ ಸಿಗ್ನಲ್ ಸರಿಯಿಲ್ಲದಿದ್ದರೆ ನಂಬರು ಹಾಗೇ ಇಟ್ಟುಕೊಂಡು ಇನ್ನೊಂದು ಕಂಪನಿಗೆ ಹೋಗುತ್ತೀರಿ. ದೇಶಕ್ಕೆಲ್ಲ ಆ ಅನುಕೂಲ ಬಂದದ್ದು 2011ರಲ್ಲಿ. ಗಿರಾಕಿ ಕೈಬಿಟ್ಟು ಹೋಗುತ್ತಾನೆ ಎಂಬ ಭಯ ಇದ್ದಾಗ ಅಂಗಡಿಯವನು ನೆಟ್ಟಗಿರುತ್ತಾನೆ. ನಾನು ಪ್ರೆಸ್ಸು ನಡೆಸುವವನು. ಲಗ್ನಪತ್ರಿಕೆಯಲ್ಲಿ ಹುಡುಗಿಯ ಹೆಸರು ತಪ್ಪಾಗಿ ಅಚ್ಚಾದರೆ ಆ ಮನೆತನ ಮುಂದೆ ಇನ್ನೊಂದು ಪ್ರೆಸ್ಸಿನ ಮೆಟ್ಟಿಲು ಹತ್ತುತ್ತದೆ. ಆ ಭಯವೇ ನನಗೆ ಪ್ರೂಫು ನೋಡಿಸುತ್ತದೆ.

ನಳದ ನೀರಿಗೆ ಆ ಭಯ ಎಲ್ಲಿದೆ? ಒಂದು ಓಣಿಯಲ್ಲಿ ಎರಡು ಕಂಪನಿಗಳು ಎರಡು ಪೈಪು ಹೂಳಲು ಸಾಧ್ಯವೇ? ಎರಡು ಜಾಕ್‌ವೆಲ್, ಎರಡು ಶುದ್ಧೀಕರಣ ಘಟಕ, ಎರಡು ಮೇಲ್ತೊಟ್ಟಿ ಕಟ್ಟಿದರೆ ಖರ್ಚು ಎರಡು ಪಟ್ಟು, ನೀರು ಮಾತ್ರ ಅದೇ. ಆದ್ದರಿಂದ ಪ್ರಪಂಚದ ಯಾವ ಊರಲ್ಲಾದರೂ ನೋಡಿ, ಬೀದಿಗೆ ಒಂದೇ ಪೈಪು. ಚರಂಡಿಯ ಕೊಳವೆಯೂ ಒಂದೇ. ಅದರ ಹಿಡಿ ನಗರಸಭೆಯ ಕೈಯಲ್ಲಿರಲಿ, ಕಂಪನಿಯ ಕೈಯಲ್ಲಿರಲಿ, ಹಿಡಿದವನೇ ಏಕಮಾತ್ರ ಅಂಗಡಿಯವ. ನೀವು ಬಿಟ್ಟು ಹೋಗಲಾರದ ಗಿರಾಕಿ. ಪೈಪೋಟಿಯ ಭಯ ಇಲ್ಲದ ಕಡೆ ಕಾನೂನಿನ ಭಯ ಇರಬೇಕು. ಎರಡೂ ಇಲ್ಲದಿದ್ದರೆ ಬೇಲಿಯೇ ಎದ್ದು ಹೊಲ ಮೇಯುತ್ತದೆ.

ಪೈಪೋಟಿ ಇರುವ ಕಡೆ ಏನಾಗಿದೆ?

ಪೈಪು ಸೋತ ಕಡೆ ಪೈಪೋಟಿ ಹುಟ್ಟಿದೆ. ಟ್ಯಾಂಕರು, ಇಪ್ಪತ್ತು ಲೀಟರಿನ ಕ್ಯಾನು, ಸಂಡಾಸದ ಗುಂಡಿ ಖಾಲಿ ಮಾಡುವ ಸಕ್ಕಿಂಗ್ ಲಾರಿ. ಈ ಮೂವರೂ ನಮ್ಮಂಥ ಪ್ರೆಸ್ಸುಗಳಿಗೆ ಬೇಸಿಗೆಯ ಗಿರಾಕಿಗಳು. ಇವರ ಕರಪತ್ರ, ಸ್ಟಿಕ್ಕರು ಮುದ್ರಿಸುವಾಗ ನಾನು ಒಂದು ಸಂಗತಿ ಗಮನಿಸಿದ್ದೇನೆ. ಫೋನ್ ನಂಬರು ದಪ್ಪಕ್ಷರದಲ್ಲಿ ಇರುತ್ತದೆ. ದೇವರ ಚಿತ್ರ ಇರುತ್ತದೆ. 'ಶುದ್ಧ', 'ತಕ್ಷಣ ಸೇವೆ' ಎಂದೆಲ್ಲ ಇರುತ್ತದೆ. ದರ ಇರುವುದಿಲ್ಲ. ನೀರು ಯಾವ ಬೋರಿನದು ಎಂದು ಇರುವುದಿಲ್ಲ. ಹೊಲಸು ಎಲ್ಲಿ ಸುರಿಯುತ್ತಾರೆ ಎಂದಂತೂ ಇರುವುದೇ ಇಲ್ಲ!

ದರ ಯಾಕೆ ಇರುವುದಿಲ್ಲ? ಬಾಯಾರಿದವನ ಮುಖ ನೋಡಿ ದರ ಹೇಳುತ್ತಾರೆ, ಅದಕ್ಕೆ. ಬೆಂಗಳೂರಿನಲ್ಲಿರುವ ನಿಮಗೆ 2024ರ ಬೇಸಿಗೆ ನೆನಪಿರಬೇಕು. ಬೋರುಗಳು ಬತ್ತಿದವು, ಟ್ಯಾಂಕರು ದರ ಗಗನಕ್ಕೇರಿತು. ಕೊನೆಗೆ ಮಾರ್ಚಿಯಲ್ಲಿ ಜಿಲ್ಲಾಡಳಿತ ದರ ಕಟ್ಟಿತು. ಐದು ಕಿಲೋಮೀಟರಿನ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ, ಟ್ಯಾಂಕರುಗಳು ನೋಂದಣಿ ಮಾಡಿಸಬೇಕು ಎಂದು ಆಜ್ಞೆಯಾಯಿತು. ನೂರಾರು ಟ್ಯಾಂಕರುಗಳ ನಡುವೆ ಪೈಪೋಟಿ ಇತ್ತಲ್ಲ, ಮತ್ತೆ ಸರ್ಕಾರ ಯಾಕೆ ನಡುವೆ ಬರಬೇಕಾಯಿತು? ನೀರು ಇಲ್ಲದೆ ಇರಲಾರದವನು ಚೌಕಾಸಿ ಮಾಡಲಾರ. ಅದಕ್ಕೇ.

ಸಕ್ಕಿಂಗ್ ಲಾರಿಯ ಕತೆ ಇನ್ನೂ ಕೆಟ್ಟದ್ದು. ಅಲ್ಲಿ ಪೈಪೋಟಿ ನಿಜವಾಗಿಯೂ ದರ ಇಳಿಸುತ್ತದೆ. ಹೇಗೆ? ದೂರದ ಶುದ್ಧೀಕರಣ ಘಟಕಕ್ಕೆ ಹೋಗುವವನ ಡೀಸೆಲ್ ಖರ್ಚು ಹೆಚ್ಚು. ರಾತ್ರಿ ಹತ್ತಿರದ ಹಳ್ಳಕ್ಕೆ ಸುರಿಯುವವನ ಖರ್ಚು ಕಡಿಮೆ. ಅಗ್ಗದವನನ್ನು ನಾವು ಕರೆಯುತ್ತೇವೆ. ಪ್ರಾಮಾಣಿಕ ಸೋಲುತ್ತಾನೆ, ಕಳ್ಳ ಗೆಲ್ಲುತ್ತಾನೆ! ಹೊಲಸು ಹೊರಹಾಕಲು ದುಡ್ಡು ಕೊಡುವವರಿದ್ದಾರೆ. ಅದು ಎಲ್ಲಿಗೆ ಹೋಗಿ ಸೇರಿತು ಎಂದು ಕೇಳಲು ದುಡ್ಡು ಕೊಡುವವರಿಲ್ಲ. ಪುಣೆಯ ಹೊಲಸು ಮುಳಾ-ಮುಠಾ ನದಿಯಿಂದ ಭೀಮೆಗೆ ಬಂತು ಎಂದು ಮೇಲಿನವರನ್ನು ನಾವು ಬೈಯುತ್ತೇವೆ. ನಮ್ಮ ಕೆಳಗೂ ಊರುಗಳಿವೆ ಎಂಬುದು ನೆನಪಿರಲಿ. ದೇವನಹಳ್ಳಿಯಲ್ಲಿ 2015ರಲ್ಲೇ ಗುಂಡಿಯ ಹೊಲಸಿಗೆಂದೇ ಪ್ರತ್ಯೇಕ ಸಂಸ್ಕರಣಾ ಘಟಕ ಶುರುವಾಯಿತು. ಇಂಥದ್ದಕ್ಕೆ ದೊಡ್ಡ ನಗರವೇ ಆಗಬೇಕಿಲ್ಲ, ಸಣ್ಣ ಊರೂ ಮಾಡಬಹುದು ಎಂದು ಅದು ತೋರಿಸಿತು. ಆದರೆ ಘಟಕ ಕಟ್ಟಿದರೆ ಸಾಲದು. ಲಾರಿ ಅಲ್ಲಿಗೇ ಹೋಯಿತು ಎಂದು ನೋಡುವವನೊಬ್ಬ ಬೇಕು.

ಮನುಷ್ಯನನ್ನೇ ಗುಂಡಿಗೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅಂಥ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಹೇಳಿತು. ಅಗ್ಗದ ಕೆಲಸಕ್ಕೆ ಒಂದು ಜೀವ ಹೋಗುವ ತನಕ ಕಾಯಬೇಕೇ?

ನಳಕ್ಕೂ ಗಟಾರಕ್ಕೂ ಇರುವ ನಂಟು

ಕುಡಿಯುವ ನೀರು ಒಂದು ಇಲಾಖೆ, ಚರಂಡಿ ಇನ್ನೊಂದು ಎಂದು ನಾವು ತಿಳಿದಿದ್ದೇವೆ. ನೆಲದೊಳಗೆ ಅವೆರಡೂ ಅಕ್ಕಪಕ್ಕದ ಮನೆಯವರು. ನಾಲ್ಕೈದು ದಿನಕ್ಕೊಮ್ಮೆ ನೀರು ಬಿಡುವ ಊರಲ್ಲಿ ಉಳಿದ ದಿನ ಪೈಪು ಖಾಲಿ. ಖಾಲಿ ಪೈಪಿನಲ್ಲಿ ಒತ್ತಡ ಇಲ್ಲ. ಪೈಪು ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಪಕ್ಕದ ಗಟಾರದ ನೀರು ಒಳಗೆ ಜಿನುಗುತ್ತದೆ. ಮನೆಮನೆಯಲ್ಲಿ ಮೋಟಾರು ಹಚ್ಚಿ ಎಳೆದರಂತೂ ಹೀರಿಕೊಂಡೇ ಬರುತ್ತದೆ. ಮರುದಿನ ನಳ ಬಿಟ್ಟಾಗ ಮೊದಲ ಕೊಡಕ್ಕೆ ಬರುವುದು ಅದೇ. ಹುಬ್ಬಳ್ಳಿ-ಧಾರವಾಡದಲ್ಲಿ ಸಂಶೋಧಕರು ದಿನವಿಡೀ ನೀರು ಬರುವ ಓಣಿಗಳನ್ನೂ ಬಿಟ್ಟು ಬಿಟ್ಟು ಬರುವ ಓಣಿಗಳನ್ನೂ ಹೋಲಿಸಿ ನೋಡಿ, ಬಿಟ್ಟು ಬಿಟ್ಟು ಬರುವ ನಳದಲ್ಲೇ ಮಲದ ಕ್ರಿಮಿ ಹೆಚ್ಚೆಂದು 2013ರಲ್ಲಿ ಬರೆದರು.

ಇದು ಪುಸ್ತಕದ ಮಾತಲ್ಲ. ಪಕ್ಕದ ರಾಯಚೂರು ನಗರದಲ್ಲಿ 2022ರ ಮೇ-ಜೂನಿನಲ್ಲಿ ನಗರಸಭೆಯ ನೀರು ಕುಡಿದು ಜನ ಸತ್ತರು, ಆಸ್ಪತ್ರೆಗಳು ತುಂಬಿದವು. ಅದೇ ವರ್ಷ ಅಕ್ಟೋಬರಿನಲ್ಲಿ ನಮ್ಮ ಶಹಾಪುರ ತಾಲ್ಲೂಕಿನ ಹೋತಪೇಟೆ, 2023ರ ಫೆಬ್ರವರಿಯಲ್ಲಿ ಗುರುಮಠಕಲ್ ತಾಲ್ಲೂಕಿನ ಅನಪುರ. ಕೆಟ್ಟ ನೀರು ಕುಡಿದು ಅಲ್ಲಿಯೂ ಸಾವಾಯಿತು. ಸತ್ತ ಮೇಲೆ ಅಧಿಕಾರಿಗಳು ಬಂದರು, ಮಾದರಿ ಸಂಗ್ರಹಿಸಿದರು, ಪರಿಹಾರ ಘೋಷಿಸಿದರು. ಸಾಯುವ ಮೊದಲೇ ಮಾದರಿ ಸಂಗ್ರಹಿಸಿ, ಫಲಿತಾಂಶವನ್ನು ಓಣಿಯ ಗೋಡೆಗೆ ಅಂಟಿಸುವ ಕಟ್ಟಳೆ ಇದ್ದಿದ್ದರೆ? ನಮ್ಮ ದೇಶದ ಗುಣಮಟ್ಟದ ನಿಯಮ ಸ್ಪಷ್ಟವಾಗಿದೆ. ನಳದ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, 100 ಮಿಲಿಲೀಟರ್ ನೀರಿನಲ್ಲಿ ಕೋಲಿಫಾರಂ ಕ್ರಿಮಿ ಒಂದೂ ಇರಬಾರದು. ನಿಯಮ ಇದೆ. ನಿಯಮ ಮುರಿದವನಿಂದ ಲೆಕ್ಕ ಕೇಳುವ ಮನೆ ಇಲ್ಲ.

ಹಾಗಾದರೆ ಕಂಪನಿಗೆ ಕೊಡೋಣವೇ?

ಈ ಪ್ರಶ್ನೆ ಬಂದಾಗ ಸಭೆ ಎರಡಾಗುತ್ತದೆ. ಕಂಪನಿ ಬಂದರೆ ಸ್ವರ್ಗ ಎನ್ನುವವರು ಒಂದು ಕಡೆ, ಕಂಪನಿ ಎಂದರೆ ಕೊಳ್ಳೆ ಎನ್ನುವವರು ಇನ್ನೊಂದು ಕಡೆ. ಕೂಗುವ ಮೊದಲು ನಮ್ಮ ಕಲಬುರಗಿಯನ್ನೇ ನೋಡೋಣ.

ವಿಶ್ವಬ್ಯಾಂಕಿನ ಸಾಲದಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವೇ ವಾರ್ಡುಗಳನ್ನು ಆರಿಸಿ, 2005ರಲ್ಲಿ ಫ್ರಾನ್ಸಿನ ವಿಯೋಲಿಯಾ ಬಳಗಕ್ಕೆ ಕೆಲಸ ವಹಿಸಿದರು. ಪೈಪು, ತೊಟ್ಟಿ ಎಲ್ಲ ಸರ್ಕಾರದ್ದೇ. ಕಂಪನಿಗೆ ಶುಲ್ಕ, ಅದರ ಒಂದು ಭಾಗ ಗುರಿ ಮುಟ್ಟಿದರೆ ಮಾತ್ರ. 2008ರ ಹೊತ್ತಿಗೆ ಆ ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಬಂತು. ಇದು ಸುಳ್ಳಲ್ಲ. ಆಗದು ಎಂದವರ ಬಾಯಿ ಮುಚ್ಚಿಸಿದ ಕೆಲಸ. ಆದರೆ ಅದು ಊರಿನ ಹತ್ತರಲ್ಲಿ ಒಂದು ಪಾಲಿಗೆ ಮಾತ್ರ. ಉಳಿದ ಒಂಬತ್ತು ಪಾಲು ಜನ ಹತ್ತು ವರ್ಷಕ್ಕೂ ಹೆಚ್ಚು ಕಾಲ ಪಕ್ಕದ ಓಣಿಯ ನಳವನ್ನು ನೋಡುತ್ತ ಕೂತರು! 2016ರಲ್ಲಿ ವಿಶ್ವಬ್ಯಾಂಕು ಇನ್ನೊಂದು ಸಾಲ ಒಪ್ಪಿತು. ಈ ಬಾರಿ ಇಡೀ ಊರಿಗೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ, ಎಲ್ಲ ಕಡೆಯ ಗುತ್ತಿಗೆಯೂ ಎಲ್ ಅಂಡ್ ಟಿ ಕಂಪನಿಗೇ ಹೋಯಿತು. ಟೆಂಡರು ಕ್ರಮಬದ್ಧವಾಗಿಯೇ ಆಗಿರಬಹುದು. ನನ್ನ ಪ್ರಶ್ನೆ ಬೇರೆ. ಒಬ್ಬ ತಡಮಾಡಿದರೆ 'ನೋಡು, ಪಕ್ಕದ ಊರಿನವನು ಮುಗಿಸಿದ್ದಾನೆ' ಎಂದು ಬೆರಳು ತೋರಿಸಲು ಎರಡನೆಯವನೇ ಇಲ್ಲವಲ್ಲ! ಟೆಂಡರಿನ ದಿನ ಮಾತ್ರ ಇರುವ ಪೈಪೋಟಿ ಸಹಿ ಬಿದ್ದ ಮರುಗಳಿಗೆಯೇ ಮುಗಿದುಹೋಗುತ್ತದೆ. ಆಮೇಲೆ ಉಳಿಯುವುದು ಒಪ್ಪಂದದ ಹಾಳೆ ಮಾತ್ರ.

ಟೆಂಡರಿನ ದಿನವೂ ಪೈಪೋಟಿ ಇಲ್ಲದಿದ್ದರೆ? ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಕೊಚಬಾಂಬಾ ಊರಿನ ಕತೆ ಕೇಳಿ. 1999ರಲ್ಲಿ ನೀರಿನ ಹಕ್ಕನ್ನು ಕಂಪನಿಗಳ ಒಂದು ಕೂಟಕ್ಕೆ ಕೊಟ್ಟರು. ಬಿಡ್ ಹಾಕಿದ್ದು ಅದೊಂದೇ. ದರ ಏರಿತು, ಜನ ಬೀದಿಗಿಳಿದರು, ಗುಂಡು ಹಾರಿತು, 2000ದ ಏಪ್ರಿಲ್‌ನಲ್ಲಿ ಗುತ್ತಿಗೆ ರದ್ದಾಯಿತು.

ಇಂಗ್ಲೆಂಡು 1989ರಲ್ಲಿ ನೀರು-ಚರಂಡಿಯನ್ನು ಕಂಪನಿಗಳಿಗೆ ಮಾರಿತು. ಜೊತೆಗೆ 'ಆಫ್‌ವಾಟ್' ಎಂಬ ನಿಯಂತ್ರಕನನ್ನೂ ಇಟ್ಟಿತು. ಪೈಪಿಗೆ ಪೈಪೋಟಿ ಇಲ್ಲ, ಆದ್ದರಿಂದ ಒಂದು ಸೀಮೆಯ ಕಂಪನಿಯ ಖರ್ಚನ್ನು ಇನ್ನೊಂದು ಸೀಮೆಯ ಕಂಪನಿಯ ಖರ್ಚಿನೊಡನೆ ಅಳೆದು ದರ ಕಟ್ಟುವುದು ಅವನ ಕೆಲಸ. ಉಪಾಯ ಒಳ್ಳೆಯದೇ. ಆದರೂ ಕಂಪನಿಗಳು ಸಾಲ ಮಾಡಿ ಲಾಭಾಂಶ ಹಂಚಿದವು, ಕೊಳಚೆಯನ್ನು ನದಿಗೆ ಬಿಟ್ಟವು. 2025ರ ಮೇ ತಿಂಗಳಲ್ಲಿ ಲಂಡನ್ನಿನ ಥೇಮ್ಸ್ ವಾಟರ್ ಕಂಪನಿಗೆ 12.27 ಕೋಟಿ ಪೌಂಡು ದಂಡ ಬಿತ್ತು. ಜುಲೈಯಲ್ಲಿ ಆಫ್‌ವಾಟನ್ನೇ ತೆಗೆದು ಹೊಸ ನಿಯಂತ್ರಕನನ್ನು ತರುವುದಾಗಿ ಸರ್ಕಾರ ಸಾರಿತು. ಕಾವಲುಗಾರ ನಿದ್ದೆ ಹೋದರೆ ಕಾವಲುಗಾರನಿದ್ದೂ ಇಲ್ಲದಂತೆ ಎಂಬುದು ಅಲ್ಲಿನ ಪಾಠ.

ಹಾಗೆಂದು ಸರ್ಕಾರಿ ನೀರೆಲ್ಲ ಅಮೃತ ಎನ್ನುವಂತೆಯೂ ಇಲ್ಲ. ರಾಯಚೂರಿನದು ಸರ್ಕಾರಿ ನೀರೇ ತಾನೆ? ಆದರೆ ಒಡಿಶಾದ ಪುರಿಯಲ್ಲಿ ಸರ್ಕಾರವೇ 2021ರ ಜುಲೈಯಿಂದ ದಿನವಿಡೀ ನಳದಿಂದ ನೇರ ಕುಡಿಯಬಹುದಾದ ನೀರು ಕೊಡಲು ಶುರುಮಾಡಿತು. ಮನೆಮನೆಗೆ ಹೋಗಿ ಮೀಟರು ಓದಿ, ನೀರು ಪರೀಕ್ಷಿಸಿ, ಬಿಲ್ಲು ಕೊಡುವವರು ಆ ಊರಿನ ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳು. ರಾಯಚೂರೂ ಸರ್ಕಾರಿ, ಪುರಿಯೂ ಸರ್ಕಾರಿ. ವಿಯೋಲಿಯಾವೂ ಖಾಸಗಿ, ಕೊಚಬಾಂಬಾದ ಕಂಪನಿಯೂ ಖಾಸಗಿ. ಗುರಿಯನ್ನು ಬರೆದಿಟ್ಟು, ಅಳೆದು ನೋಡಿ, ಜನರ ಮುಂದೆ ಇಟ್ಟ ಕಡೆ ನೀರು ಬಂದಿದೆ. ಇಡದ ಕಡೆ ಕೆಟ್ಟಿದೆ. ನಾವು ಹಿಡಿಯಬೇಕಾದ ತಂತು ಇದು.

ಕರೆಂಟಿಗೆ ಇದೆ, ನೀರಿಗೆ ಯಾಕಿಲ್ಲ?

ನಮ್ಮ ಕರೆಂಟು ಜೆಸ್ಕಾಂ ಕೊಡುತ್ತದೆ. ದರ ಏರಿಸಬೇಕಾದರೆ ಅದು ತನ್ನಿಷ್ಟದಂತೆ ಏರಿಸುವಂತಿಲ್ಲ. 1999ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಲೆಕ್ಕ ಇಡಬೇಕು, ಪ್ರಕಟಣೆ ಕೊಡಬೇಕು, ಆಕ್ಷೇಪಣೆ ಕರೆಯಬೇಕು. ಬಹಿರಂಗ ವಿಚಾರಣೆಯಲ್ಲಿ ಯಾವ ರೈತನಾದರೂ, ಯಾವ ಗಿರಣಿಯವನಾದರೂ ಎದ್ದು ನಿಂತು 'ನಿಮ್ಮ ಸೋರಿಕೆಗೆ ನಾನು ಯಾಕೆ ದುಡ್ಡು ಕೊಡಲಿ?' ಎಂದು ಕೇಳಬಹುದು. ಫ್ಯೂಸು ಹೋದರೆ ಎಷ್ಟು ಹೊತ್ತಿನೊಳಗೆ ಸರಿಮಾಡಬೇಕು ಎಂಬುದಕ್ಕೂ ಅಲ್ಲಿ ನಿಯಮ ಇದೆ. ಕರೆಂಟು ಇದರಿಂದ ಪೂರ್ತಿ ಉದ್ಧಾರವಾಯಿತು ಎನ್ನುವುದಿಲ್ಲ. ಪ್ರಶ್ನೆ ಕೇಳಲು ಒಂದು ಬಾಗಿಲಾದರೂ ಇದೆ.

ನೀರಿಗೆ? 1973ರ ಕಾಯ್ದೆಯಿಂದ ಹುಟ್ಟಿದ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಯೋಜನೆ ಕಟ್ಟುತ್ತದೆ. ಕಟ್ಟಿದ ಮೇಲೆ ನಗರಸಭೆ ನಡೆಸುತ್ತದೆ. ಹಣ, ಆದೇಶ ಬೆಂಗಳೂರಿನಿಂದ ಬರುತ್ತದೆ. ಪೈಪು ಒಡೆದರೆ ಮಂಡಳಿ ನಗರಸಭೆಯನ್ನು ತೋರಿಸುತ್ತದೆ, ನಗರಸಭೆ ಗುತ್ತಿಗೆದಾರನನ್ನು ತೋರಿಸುತ್ತದೆ, ಗುತ್ತಿಗೆದಾರ ಬಿಲ್ಲು ಪಾಸಾಗಿಲ್ಲ ಎಂದು ಆಕಾಶ ತೋರಿಸುತ್ತಾನೆ! ಕೇಂದ್ರ ಸರ್ಕಾರ 2008ರಲ್ಲೇ ಸೇವೆಯ ಅಳತೆಗೋಲು ಬರೆದಿಟ್ಟಿದೆ. ತಲೆಗೆ ದಿನಕ್ಕೆ 135 ಲೀಟರು, 24 ಗಂಟೆ ಸರಬರಾಜು, ಸೋರಿ ಲೆಕ್ಕ ತಪ್ಪುವ ನೀರು ನೂರಕ್ಕೆ 20ರ ಒಳಗೆ. ನಿಮ್ಮ ಊರು ಇದರಲ್ಲಿ ಎಷ್ಟು ಅಂಕ ತೆಗೆದಿದೆ? ಹತ್ತನೆಯ ತರಗತಿ ಹುಡುಗನ ಅಂಕಪಟ್ಟಿ ಊರಿಗೆಲ್ಲ ಗೊತ್ತು, ನಗರಸಭೆಯ ಅಂಕಪಟ್ಟಿ ಯಾರಿಗೂ ಗೊತ್ತಿಲ್ಲ.

ಇನ್ನೊಂದು ಮಾತು. ಟೆಂಡರು, ಒಪ್ಪಂದ ಬಹುತೇಕ ಇಂಗ್ಲಿಷಿನಲ್ಲೇ ಇರುತ್ತವೆ. ಬಿಲ್ಲು ಕಟ್ಟುವವಳು ಸುರಪುರದ ಗುಡ್ಡದ ಮೇಲಿನ ಓಣಿಯ ತಾಯಿ. ಆಕೆಗೆ ಏನು ಕೊಡುತ್ತೇವೆಂದು ಒಪ್ಪಿದ್ದಾರೆ ಎಂಬುದು ಆಕೆಯ ಭಾಷೆಯಲ್ಲೇ ಇಲ್ಲದಿದ್ದರೆ ಅದು ಆಕೆಯೊಡನೆ ಆದ ಒಪ್ಪಂದ ಹೇಗಾದೀತು? ಕನ್ನಡ ಎಂದರೆ ಬೋರ್ಡಿನ ಮೇಲಿನ ಬಣ್ಣ ಮಾತ್ರವಲ್ಲ ಗೆಳೆಯರೇ. ಲೆಕ್ಕ ಕೇಳುವ ಭಾಷೆಯೂ ಕನ್ನಡವೇ ಆಗಬೇಕು.

ನಾವು ಕೇಳಬೇಕಾದ್ದು

ಒಂದು: ಊರಿನ ನೀರು ಮತ್ತು ಒಳಚರಂಡಿಗೆ, ಕರೆಂಟಿಗೆ ಇರುವಂತೆಯೇ, ರಾಜ್ಯದಲ್ಲಿ ಸ್ವತಂತ್ರ ನಿಯಂತ್ರಣ ಆಯೋಗ. ಅದರ ವಿಚಾರಣೆ ಬೆಂಗಳೂರಿನಲ್ಲಿ ಮಾತ್ರವಲ್ಲ, ಕಲಬುರಗಿ ವಿಭಾಗದಲ್ಲೂ ನಡೆಯಲಿ.

ಎರಡು: ನೀರು ಬಿಡುವ ದಿನ, ಸಮಯ, ದರ, ದೂರಿನ ಗಡುವು ಬರೆದ ಒಂದು ಪುಟದ ಕನ್ನಡ ಹಕ್ಕುಪತ್ರ ಪ್ರತಿ ಮನೆಗೆ. 2011ರ ಸಕಾಲ ಕಾಯ್ದೆಯಲ್ಲಿ ಅರ್ಜಿ ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ ಇದೆ. ಹೇಳಿದ ದಿನ ನಳ ಬಾರದಿದ್ದರೂ ಹಾಗೆಯೇ ಬಿಲ್ಲಿನಲ್ಲಿ ಕಡಿತವಾಗಲಿ.

ಮೂರು: ಪ್ರತಿ ವಾರ್ಡಿನ ನೀರಿನ ಪರೀಕ್ಷೆಯ ಫಲಿತಾಂಶ ತಿಂಗಳಿಗೊಮ್ಮೆ ಗೋಡೆಯ ಮೇಲೆ. ಪರೀಕ್ಷೆ ಮಾಡುವವರು ನೀರು ಬಿಡುವವರೇ ಆಗಬಾರದು.

ನಾಲ್ಕು: ಟ್ಯಾಂಕರು, ಕ್ಯಾನು, ಸಕ್ಕಿಂಗ್ ಲಾರಿಗೆ ನಗರಸಭೆಯ ನೋಂದಣಿ. ಟ್ಯಾಂಕರಿನ ಮೈಮೇಲೆ ದರ. ಲಾರಿ ಹೊಲಸು ಎಲ್ಲಿ ಸುರಿಯಿತು ಎಂಬುದಕ್ಕೆ ರಸೀದಿ.

ಐದು: ಕಂಪನಿಗೆ ಕೊಡುವುದೇ ಆದರೆ ಒಪ್ಪಂದದ ಪೂರ್ಣ ಕನ್ನಡ ಪಾಠ ಸಹಿಗೆ ಮೊದಲೇ ಜನರ ಮುಂದೆ. ಒಂದೇ ಬಿಡ್ ಬಂದರೆ ಟೆಂಡರು ಮತ್ತೆ ಕರೆಯಲಿ.

ಸರ್ಕಾರ ಆಯೋಗ ಮಾಡುವ ತನಕ ಕಾಯುತ್ತ ಕೂರಬೇಕೇ? ಬೇಡ. ಪೈಪಿಗೆ ಪೈಪೋಟಿ ಇಲ್ಲದಿದ್ದರೂ ಊರಿಗೆ ಊರು ಪೈಪೋಟಿ ಹಚ್ಚಬಹುದು. ಯಾದಗಿರಿ, ಶಹಾಪುರ, ಸುರಪುರ ಮೂರೂ ಒಂದೇ ಜಿಲ್ಲೆಯ ನಗರಸಭೆಗಳು. 2011ರ ಜನಗಣತಿಯಲ್ಲಿ ಯಾದಗಿರಿ ಸುಮಾರು 74 ಸಾವಿರ, ಶಹಾಪುರ 53 ಸಾವಿರ, ಸುರಪುರ 51 ಸಾವಿರ ಜನರ ಊರು. ಹೋಲಿಸಲು ಇದಕ್ಕಿಂತ ಒಳ್ಳೆಯ ಜೋಡಿ ಬೇಕೇ? ಊರಿಗೆ ಐದೈದು ಜನ ಸಾಕು. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕೆಂದು 2005ರ ಕಾನೂನು ಹೇಳುತ್ತದೆ. ಮೂರೂ ಕಡೆ ಒಂದೇ ಪ್ರಶ್ನೆ: ಎಷ್ಟು ನೀರು ಎತ್ತಿದಿರಿ, ಎಷ್ಟು ಮನೆಗೆ ಮುಟ್ಟಿಸಿದಿರಿ, ಎಷ್ಟು ಖರ್ಚು, ಎಷ್ಟು ವಸೂಲಿ, ಎಷ್ಟು ಪರೀಕ್ಷೆ, ಎಷ್ಟು ಫೇಲು, ಕೊಳಚೆ ಎಲ್ಲಿಗೆ? ಜೊತೆಗೆ ಕ್ಲೋರಿನ್ ನೋಡುವ ಸಣ್ಣ ಕಿಟ್ ಒಂದು ಇಟ್ಟುಕೊಳ್ಳಿ. ನಳ ಬಿಟ್ಟ ದಿನ ಓಣಿಯ ಮೊದಲ ಮನೆ, ಕೊನೆಯ ಮನೆ ಎರಡರಲ್ಲೂ ನೋಡಿ ದಿನಾಂಕದೊಡನೆ ಬರೆದಿಡಿ. ಬೆಂಗಳೂರಿನಲ್ಲಿರುವವರು ಬಂದ ಉತ್ತರಗಳನ್ನು ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿ ಕಳಿಸಿ. ಅಷ್ಟು ನಿಮ್ಮಿಂದ ಆಗದೇ?

ಮೂರು ಊರಿನ ಲೆಕ್ಕವನ್ನು ಮೂರು ಕಾಲಮ್ಮಿನಲ್ಲಿ ಒಂದೇ ಹಾಳೆಯ ಮೇಲೆ ನನ್ನ ಪ್ರೆಸ್ಸಿನಲ್ಲಿ ಮುದ್ರಿಸಿ ಕೊಡುತ್ತೇನೆ. ಕೂಲಿ ಬೇಡ, ಕಾಗದದ ಖರ್ಚು ಹಂಚಿಕೊಳ್ಳೋಣ. ಬಸ್ ಸ್ಟ್ಯಾಂಡು, ಚಹಾದಂಗಡಿ, ನಗರಸಭೆಯ ಬಾಗಿಲು, ಎಲ್ಲ ಕಡೆ ಅಂಟಿಸೋಣ. ಕೊನೆಯ ಸ್ಥಾನಕ್ಕೆ ಬಂದ ಊರಿನ ಸದಸ್ಯರು ಮುಂದಿನ ಸಭೆಯಲ್ಲಿ ಏನು ಉತ್ತರ ಕೊಡುತ್ತಾರೋ ನೋಡೋಣ.

ರಾಜ್ಯದ ಪಾಲಿನ 734 ಟಿಎಂಸಿಗಾಗಿ ನಮ್ಮ ಹಿರಿಯರು ಹೋರಾಡಿದರು. ಓಣಿಯ ಪಾಲಿನ ಕೊಡಕ್ಕಾಗಿ ಹೋರಾಡುವ ಸರದಿ ನಿಮ್ಮದು. ಕಲ್ಲು ಎತ್ತಬೇಡಿ, ಅರ್ಜಿ ಎತ್ತಿ. ಬರುವ ತಿಂಗಳೇ ಶುರುವಾಗಲಿ.

ಜೈ ಕನ್ನಡ! ಜೈ ಕರ್ನಾಟಕ!